ಗಂಟೆ ಬಾರಿಸಿ ಕರೆದ ಮಕ್ಕಳು

ಲಿಂಗಸೂಗೂರು ತಾಲೂಕಿನ ಮುದಗಲ್ಲಿಗೆ ಕೋಟೆ ನೋಡಲು, ಮೊಹರಂ ನೋಡಲು ಬರುವವರೇ ಹೆಚ್ಚು. ಅದೇ ಊರಲ್ಲಿ ಕ್ಯಾಥೋಲಿಕರ ಹಳೆಯ ಕೇರಿಯೊಂದಿದೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಗೋವಾ ಕಡೆಯಿಂದ ಬಂದ ಪಾದ್ರಿಗಳಿಂದ ಬೆಳೆದ ನೆಲೆ ಅದು. ಆ ಪಾದ್ರಿಗಳು ದಿನದಿನವೂ ಹೇಗೆ ಕಲಿಸಿದರು ಎಂಬ ವಿವರ ನಮ್ಮ ಕೈಗೆ ಬಂದಿಲ್ಲ. ಆದರೆ ಗೋವಾದಲ್ಲಿ ಆ ಕಲಿಕೆ ಹೇಗೆ ಶುರುವಾಯಿತು ಎಂಬುದು ದಾಖಲಾಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಥೆಯೇ.

1542ರ ಮೇ ತಿಂಗಳಲ್ಲಿ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಗೋವಾಕ್ಕೆ ಬಂದಿಳಿದರು. ಕೈಗಂಟೆ ಹಿಡಿದು ಬೀದಿ ಬೀದಿ ಸುತ್ತಿ ಬಾರಿಸಿದರು. ಮನೆಗಳಿಂದ ಮಕ್ಕಳು, ಆಳುಕಾಳುಗಳು ಹೊರಬಿದ್ದರು. ಆ ಗುಂಪನ್ನು ಹಿಂದಿಟ್ಟುಕೊಂಡು ಗುಡಿಗೆ ಹೋದರು. ಜ್ಞಾನೋಪದೇಶವನ್ನು ರಾಗಕ್ಕೆ ಕೂಡಿಸಿ ಹೇಳಿಕೊಟ್ಟರು. ಮಕ್ಕಳು ಅದನ್ನೇ ಕೂಗಿ ಹಾಡುತ್ತ ಮನೆಗೆ ಹೋದರು, ದೊಡ್ಡವರು ಮಕ್ಕಳ ಬಾಯಿಂದ ಕಲಿತರು. ಮುಂದೆ ತಮಿಳು ಕರಾವಳಿಯ ಮೀನುಗಾರರ ಊರುಗಳಲ್ಲಿ ನಡೆದದ್ದನ್ನು ಅವರು 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಹೇಳಿದ್ದಾರೆ: ಹುಡುಗರು ಮುತ್ತಿಕೊಂಡು, ಏನಾದರೂ ಪ್ರಾರ್ಥನೆ ಕಲಿಸುವ ತನಕ ಅವರಿಗೆ ಉಣ್ಣಲು, ಮಲಗಲು, ತಮ್ಮ ಜಪ ಓದಿಕೊಳ್ಳಲು ಕೂಡ ಬಿಡುತ್ತಿರಲಿಲ್ಲವಂತೆ. ಆ ಹುಡುಗರನ್ನೇ ಅವರು ರೋಗಿಗಳ ಮನೆಗೆ ಪ್ರಾರ್ಥನೆಗೆ ಕಳಿಸಿದರು.

ಇಷ್ಟು ಗದ್ದಲದಲ್ಲಿ ಬೇರುಬಿಟ್ಟ ಆರಾಧನೆ ಮಕ್ಕಳ ಸದ್ದಿಗೆ ಯಾವಾಗ ಮುಖ ಸಿಂಡರಿಸತೊಡಗಿತು?

ಜಗಳ ಹೊಸದೇನಲ್ಲ. ಕೂಸುಗಳನ್ನು ತಂದವರನ್ನು ಶಿಷ್ಯರು ಗದರಿಸಿದ್ದು, ಯೇಸು ಶಿಷ್ಯರ ಮೇಲೆಯೇ ಸಿಟ್ಟಾದದ್ದು ಮಾರ್ಕನ ಸುವಾರ್ತೆಯಲ್ಲಿದೆ. ಜೆರುಸಲೇಮಿನ ದೇವಾಲಯದಲ್ಲಿ ಹುಡುಗರು ಹೊಸಾನ್ನ ಎಂದು ಕೂಗಿದಾಗ ಸಿಡಿಮಿಡಿಗೊಂಡವರು ಮುಖ್ಯ ಯಾಜಕರು. ಗರಿಗಳ ಭಾನುವಾರ ನಮ್ಮ ಮಕ್ಕಳು ಗರಿ ಬೀಸಿ ಕೂಗುವುದು ಆ ಕೂಗನ್ನೇ. ಅಂದು ಮಾತ್ರ ಯಾರೂ ಸುಮ್ಮನಿರಿ ಎನ್ನುವುದಿಲ್ಲ.

ನಡುವಿನ ಶತಮಾನಗಳನ್ನು ಬೇಗ ದಾಟೋಣ. ಅಮೆರಿಕದ ಪ್ಯೂರಿಟನ್ನರ ಸಭೆಗಳಲ್ಲಿ ಹುಡುಗರನ್ನು ಹದ್ದುಬಸ್ತಿನಲ್ಲಿಡಲು ಉದ್ದ ಕೋಲು ಹಿಡಿದವನೊಬ್ಬ ನಿಲ್ಲುತ್ತಿದ್ದ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ, ವಾರವಿಡೀ ದುಡಿದು ಭಾನುವಾರ ಬೀದಿಯಲ್ಲಿ ಕೂಗಾಡುವ ಬಡಮಕ್ಕಳನ್ನು ಕಂಡು ರಾಬರ್ಟ್ ರೇಕ್ಸ್ ಸಂಡೇ ಸ್ಕೂಲ್ ನಡೆಸಿದ. ಅಕ್ಷರ ಕಲಿಸುವ ಒಳ್ಳೆಯ ಕೆಲಸವದು. ಮಿಷನರಿಗಳ ಜೊತೆ ಅದು ನಮ್ಮ ನಾಡಿಗೂ ಬಂತು. ಆದರೆ ಮಕ್ಕಳಿಗೊಂದು ಕೋಣೆ, ದೊಡ್ಡವರಿಗೊಂದು ಆರಾಧನೆ ಎಂಬ ಅಭ್ಯಾಸವೂ ಅದರ ಬೆನ್ನಿಗೇ ಬಂತು ಎಂದು ನನಗನ್ನಿಸುತ್ತದೆ.

ಕ್ಯಾಥೋಲಿಕರಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಹತ್ತು ಹನ್ನೆರಡು ವರ್ಷ ದಾಟಿದವರಿಗೇ ಮೊದಲ ಪರಮಪ್ರಸಾದ ಎಂಬ ರೂಢಿಯನ್ನು ಪೋಪ್ ಹತ್ತನೇ ಪಯಸ್ 1910ರಲ್ಲಿ ಮುರಿದು, ಏಳರ ಆಸುಪಾಸಿನ ಮಕ್ಕಳಿಗೂ ಕೊಡಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ ಬಿಟ್ಟು ಕನ್ನಡಕ್ಕೆ ಬಂತು, ಮಕ್ಕಳೂ ಉತ್ತರ ಕೊಡುವಂತಾಯಿತು. 1973ರಲ್ಲಿ ಮಕ್ಕಳ ಪೂಜೆಗಾಗಿಯೇ ರೋಮ್ ಒಂದು ಮಾರ್ಗಸೂಚಿ ಹೊರಡಿಸಿತು. ತೀರ ಚಿಕ್ಕ ಕೂಸುಗಳನ್ನು ಬೇರೆಡೆ ನೋಡಿಕೊಂಡರೂ, ಪೂಜೆಯ ಕೊನೆಗೆ ಕರೆತಂದು ಎಲ್ಲರ ಜೊತೆ ಆಶೀರ್ವಾದ ಕೊಡಿಸಬಹುದು ಎಂದಿತು. ಆ ಕೂಸುಗಳನ್ನು ಸಭೆಯ ಸಹಾಯಕರು ನೋಡಿಕೊಳ್ಳುವ ಮಾತೂ ಅದರಲ್ಲಿದೆ.

ನಮ್ಮಲ್ಲಿ ಮರೆತದ್ದು ಇದನ್ನೇ. ಜಮಖಾನದ ಮುಂದಿನ ಸಾಲು ಮಕ್ಕಳದು, ಹಿಂದೆ ತಾಯಂದಿರು ಎಂಬ ಪದ್ಧತಿ ಕುರ್ಚಿ ಬಂದಲ್ಲೆಲ್ಲ ಹೋಯಿತು. ಈಗ ಕೂಸು ಅತ್ತರೆ ಹೊರಗೆ ಕರೆದುಕೊಂಡು ಹೋಗಿ ಎಂದು ಮೈಕಿನಲ್ಲೇ ಹೇಳಿದ್ದನ್ನು ಕೇಳಿದ್ದೇನೆ. ಹೊರಗೆ ಹೋಗುವುದು ಯಾರು? ತಂದೆ ಎದ್ದದ್ದನ್ನು ನಾನು ಕಂಡಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಸಿಂಧನೂರಿನ ಗದ್ದೆಗಳಲ್ಲಿ ಬಗ್ಗಿ ಭತ್ತ ನಾಟಿ ಮಾಡಿದವಳು, ಮಸ್ಕಿಯ ಹೊಲಗಳಲ್ಲಿ ಹತ್ತಿ ಬಿಡಿಸಿದವಳು, ಭಾನುವಾರ ಒಂದು ಗಳಿಗೆ ಕೂತು ದೇವರ ಮಾತು ಕೇಳಲು ಬಂದರೆ ಮೆಟ್ಟಿಲ ಮೇಲೆ ನಿಲ್ಲಬೇಕು. ಕೂಸಿನ ಅಳು ಹೆಚ್ಚೆಂದರೆ ಪ್ರಸಂಗದ ಎರಡು ವಾಕ್ಯ ನುಂಗೀತು. ಅವಳಿಗೆ ಇಡೀ ಪ್ರಸಂಗವೇ ತಪ್ಪುತ್ತದೆ. ಕೂಸು ಬೆಳೆದು ಸುಮ್ಮನೆ ಕೂರುವ ಹೊತ್ತಿಗೆ ಅದರ ತಮ್ಮ ಹುಟ್ಟಿರುತ್ತಾನೆ.

ಕೇರಳದ ಆರ್ಥೊಡಾಕ್ಸ್ ಸಿರಿಯನ್ನರು ಎದೆಹಾಲು ಕುಡಿಯುವ ಕೂಸಿಗೂ ಪ್ರಸಾದ ಕೊಡುತ್ತಾರೆ. ಅಲ್ಲಿ ಕೂಸನ್ನು ಹೊರಗಿಡುವುದೆಂದರೆ ಪ್ರಸಾದ ಪಡೆಯುವವರಲ್ಲಿ ಒಬ್ಬರನ್ನು ಹೊರಗಿಟ್ಟಂತೆಯೇ. 2017ರ ಜನವರಿಯಲ್ಲಿ ಸಿಸ್ಟೀನ್ ಚಾಪೆಲ್‌ನಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವಾಗ ಒಂದರ ಹಿಂದೊಂದು ಅಳತೊಡಗಿದವು. ಕೊಟ್ಟಿಗೆಯಲ್ಲಿ ಅತ್ತ ಅಳುವೇ ಯೇಸುವಿನ ಮೊದಲ ಪ್ರಸಂಗ ಎಂದುಕೊಳ್ಳುವುದು ತಮಗಿಷ್ಟ ಎಂದರು ಪೋಪ್ ಫ್ರಾನ್ಸಿಸ್. ಹಸಿದ ಕೂಸಿಗೆ ಅಲ್ಲೇ, ಅಂಜದೆ ಹಾಲೂಡಿಸಿ ಎಂದು ತಾಯಂದಿರಿಗೆ ಹೇಳಿದರು.