ದುರ್ಯೋಧನ ಊರಿಗೊಬ್ಬ, ಮೇಷ್ಟ್ರು ಹತ್ತೂರಿಗೊಬ್ಬರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ 'ಕುರುಕ್ಷೇತ್ರ' ನಾಟಕವೆಂದರೆ ಬೆಳಗಿನ ಜಾವದವರೆಗೂ ನಡೆಯಬೇಕು. ರಾತ್ರಿ ಕಿರೀಟ ತೊಟ್ಟ ದುರ್ಯೋಧನ ಹಗಲು ತೆಂಗಿನ ತೋಟಕ್ಕೆ ನೀರು ಹಾಯಿಸುವವನು. ಪಾತ್ರಕ್ಕೆ ಇಷ್ಟೆಂದು ದುಡ್ಡು ಹಾಕಿ, ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿ ರಂಗಕ್ಕೆ ಬಂದಿರುತ್ತಾನೆ. ಹಾಡುವ ಹುಮ್ಮಸ್ಸಿನಲ್ಲಿ ಅವನ ಶ್ರುತಿ ಅರ್ಧ ಮನೆ ಮೇಲೇರಿತೆನ್ನಿ, ಪರದೆ ಪಕ್ಕ ಕೂತ ಹಾರ್ಮೋನಿಯಂ ಮೇಷ್ಟ್ರ ಬೆರಳುಗಳೂ ಸದ್ದಿಲ್ಲದೆ ಅದೇ ಮನೆಗೆ ಜಾರುತ್ತವೆ. ಚಾಪೆ ಹಾಸಿ ಕೂತವರು ಶಿಳ್ಳೆ ಹೊಡೆಯುತ್ತಾರೆ. ತಪ್ಪಿದ್ದು ಗೊತ್ತಾಗುವುದು ತಬಲದವರಿಗೆ ಮಾತ್ರ.

ಊರೂರು ಸುತ್ತುವ ಈ ಹಿಮ್ಮೇಳದವರು ಎಲ್ಲಿಂದ ಬಂದರು?

ಜಾಡು ಹಿಡಿದು ಹೊರಟರೆ, ತಿಪಟೂರಿನ ರೈಲು ದಾರಿಯಲ್ಲೇ ಇರುವ ಗುಬ್ಬಿ ಸಿಗುತ್ತದೆ. ಅಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾಚೆಗೂ ಹೆಸರಾಯಿತು. 1934ರ 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿಯದು. ಮೈಕಿಲ್ಲದ ಕಾಲ, ಕೊನೆಯ ಸಾಲಿಗೂ ಹಾಡು ಕೇಳಬೇಕು. ಆಗ ಆಸರೆಯಾದದ್ದು ಲೆಗ್ ಹಾರ್ಮೋನಿಯಂ. ಕಾಲಿನಲ್ಲಿ ಗಾಳಿ ಒತ್ತಿದರೆ ಎರಡೂ ಕೈ ನುಡಿಸಲು ಬಿಡುವು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯವನ್ನು ನಮ್ಮ ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ದೂರವಿಟ್ಟಿತು. ನಾಟಕದ ಟೆಂಟಿನಲ್ಲಿ ಮಾತ್ರ ಅದರದೇ ದರ್ಬಾರು.

ಕಂಪನಿಯೇ ಪಾಠಶಾಲೆ. ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನೇ. ಮುಂದೆ ಕಾಶಿಯಲ್ಲಿ ಓಂಕಾರನಾಥ ಠಾಕೂರರ ಬಳಿ ಕಲಿತರೂ ಅವರ ರಂಗಸಂಗೀತಕ್ಕೆ ಕಂಪನಿ ನಾಟಕದ ಮಟ್ಟುಗಳ ಒಗರು ಉಳಿಯಿತು. ಆರ್. ಪರಮಶಿವನ್ ಎಳವೆಯಲ್ಲೇ ಕಂಪನಿ ಸೇರಿ, ಮರೆತೇಹೋಗುತ್ತಿದ್ದ ರಂಗಗೀತೆಗಳನ್ನು ಹಾರ್ಮೋನಿಯಂ ಸಮೇತ ಮುಂದಿನವರಿಗೆ ದಾಟಿಸಿದರು. ಕಂಪನಿಯಾಚೆಗೂ ಇಂಥ ಪಾಠ ನಡೆಯುತ್ತಿತ್ತು: ಸಂಗೀತ ನಿರ್ದೇಶಕ ರಾಜನ್-ನಾಗೇಂದ್ರ ಸೋದರರ ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದವರು. ಮಕ್ಕಳು ಜಯಮಾರುತಿ ಆರ್ಕೆಸ್ಟ್ರಾದಲ್ಲಿ ಪಳಗಿ ಸಿನಿಮಾಕ್ಕೆ ನಡೆದರು. ತಿಪಟೂರಿನ ಹಾಸ್ಯನಟ ನರಸಿಂಹರಾಜು ನಾಟಕ ಕಂಪನಿಯಿಂದ ಬೆಳ್ಳಿತೆರೆಗೆ ಹೋದ ಕಥೆ ಎಲ್ಲರಿಗೂ ಗೊತ್ತು. ಅದೇ ಟೆಂಟುಗಳಲ್ಲಿ ತಬಲ, ಪಿಟೀಲು, ಕ್ಲಾರಿನೆಟ್ ನುಡಿಸಿದವರ ಹೆಸರನ್ನು ಬರೆದಿಟ್ಟವರು ಕಡಿಮೆ. ಅದು ನೋವಿನ ಸಂಗತಿ.

ಸಿನಿಮಾ ಬಂದು ಕಂಪನಿಗಳು ಒಂದೊಂದಾಗಿ ಮುಚ್ಚಿದಾಗ ಕಂಪನಿಯ ವಿದ್ಯೆ ಹಳ್ಳಿಗಿಳಿಯಿತು. ಭಜನೆಯಲ್ಲಿ ಕೈ ಪಳಗಿದವರು, ಓಲಗದ ಮನೆತನದವರು, ಮದುವೆ ಬ್ಯಾಂಡಿನವರು ಅದಕ್ಕೆ ಕೂಡಿಕೊಂಡರು. ಅಕ್ಷರ ಬಾರದ ರೈತನಿಗೂ ಕಂದಪದ್ಯ ಬಾಯಿಪಾಠ ಮಾಡಿಸಿ, ಯಾರಿಗೆ ಎಷ್ಟನೇ ಮನೆ ಶ್ರುತಿ ಎಂದು ಗೊತ್ತುಮಾಡುವವರೇ ನಾಟಕದ ಮೇಷ್ಟ್ರು. ಪಾತ್ರಧಾರಿಗಳು ಊರಿಂದೂರಿಗೆ ಬದಲಾಗುತ್ತಾರೆ. ಮಟ್ಟುಗಳನ್ನು ಹೊತ್ತು ತಿರುಗುವವರು ಇವರು.

ಈಗ ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡು, ರಿದಂ ಪ್ಯಾಡು ಬಂದಿವೆ. ಫ್ಲೆಕ್ಸಿನ ತುಂಬ ಪಾತ್ರಧಾರಿಗಳ ಫೋಟೊ. ವಾದ್ಯದವರ ಹೆಸರು ಕೆಳಗೆ, ಸಣ್ಣಕ್ಷರದಲ್ಲಿ. ಮಂಗಳ ಹಾಡುವ ಹೊತ್ತಿಗೆ ತೆಂಗಿನ ಗರಿಗಳ ಸಂದಿಯಲ್ಲಿ ಬೆಳಕು ಹರಿದಿರುತ್ತದೆ. ಬಣ್ಣ ತೊಳೆದ ಭೀಮ ಹಾಲು ಕರೆಯಲು ಮನೆ ಕಡೆ ಹೊರಡುತ್ತಾನೆ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, ಲಗೇಜ್ ಆಟೊಗೆ ಏರಿಸಿ, ಸಂಜೆಯ ಪ್ರಾಕ್ಟೀಸಿಗೆ ತುರುವೇಕೆರೆ ಕಡೆ ಹೊರಡುತ್ತಾರೆ.