ಮೂಲೆ ಕೂಡುವ ಕೊಯ್ತ: ಮೈಟರ್ ಗರಗಸದ ಸುರಕ್ಷಿತ ಬಳಕೆ

ಶಾಲೆಯ ಗೋಡೆಯ ಮೇಲಿರುವ ಭಾವಚಿತ್ರಗಳನ್ನು ನಾವೆಲ್ಲರೂ ನೋಡುತ್ತೇವೆ. ಆದರೆ ಅವುಗಳ ಚೌಕಟ್ಟಿನ ಮೂಲೆಯನ್ನು ಗಮನಿಸುವವರು ವಿರಳ. ಬಡಗಿಯ ಕೌಶಲವು ಅಡಗಿರುವುದು ಆ ಮೂಲೆಯಲ್ಲಿಯೇ. ಎರಡು ಪಟ್ಟಿಗಳ ತುದಿಗಳನ್ನು ತಲಾ 45 ಡಿಗ್ರಿಯಷ್ಟು ಓರೆಯಾಗಿ ಕೊಯ್ದು ಕೂಡಿಸಿದಾಗ 90 ಡಿಗ್ರಿಯ ಮೂಲೆ ಸಿದ್ಧವಾಗುತ್ತದೆ. ಹಿಂದೆ ಕೈಗರಗಸದಿಂದ ನಡೆಯುತ್ತಿದ್ದ ಈ ಕೆಲಸವನ್ನು ಇಂದು ಮೈಟರ್ ಗರಗಸವೆಂಬ ವಿದ್ಯುತ್ ಯಂತ್ರವು ಕ್ಷಣಮಾತ್ರದಲ್ಲಿ ಮಾಡುತ್ತದೆ. ವೃತ್ತಿ ಶಿಕ್ಷಣದ ಕಾರ್ಯಾಗಾರಗಳಿಗೂ ಈ ಯಂತ್ರವು ಬರುತ್ತಿರುವುದರಿಂದ ಅದರ ಗುಣವನ್ನೂ ಅಪಾಯವನ್ನೂ ತಿಳಿದಿರುವುದು ಅವಶ್ಯಕ.

ಸಾಮಾನ್ಯವಾಗಿ 10 ಅಥವಾ 12 ಅಂಗುಲ ವ್ಯಾಸದ ದುಂಡನೆಯ ಅಲಗು, ಅದನ್ನು ಹೊತ್ತು ಏರಿಳಿಯುವ ತೋಳು, ಕೋನಗಳ ಗುರುತುಳ್ಳ ತಿರುಗುವ ಪೀಠ, ಹಿಂಬದಿಯಲ್ಲಿ ಮರವನ್ನು ಒತ್ತಿ ನಿಲ್ಲಿಸಲು ನೇರವಾದ ಆನಿಕೆಪಟ್ಟಿ, ಇವು ಯಂತ್ರದ ಮುಖ್ಯ ಅಂಗಗಳು. ಇದರಿಂದ ನಾಲ್ಕು ಬಗೆಯ ಕೊಯ್ತಗಳು ಸಾಧ್ಯ. ಪೀಠವು ಸೊನ್ನೆಯಲ್ಲಿದ್ದಾಗ ದೊರೆಯುವುದು ನೇರವಾದ ಅಡ್ಡಕೊಯ್ತ. ಪೀಠವನ್ನು ಎಡಕ್ಕೋ ಬಲಕ್ಕೋ ತಿರುಗಿಸಿದರೆ ಓರೆಕೊಯ್ತ. ಪೀಠವನ್ನು ತಿರುಗಿಸದೆ ಅಲಗನ್ನೇ ಪಕ್ಕಕ್ಕೆ ವಾಲಿಸಿದರೆ ವಾಲುಕೊಯ್ತ. ಇವೆರಡನ್ನೂ ಒಮ್ಮೆಗೇ ಮಾಡಿದರೆ ಸಂಯುಕ್ತ ಕೊಯ್ತ. ಹಲಗೆಯನ್ನು ಎಳೆಯ ಗುಂಟ ಉದ್ದಕ್ಕೆ ಸೀಳುವುದು ಈ ಯಂತ್ರದ ಕೆಲಸವಲ್ಲ, ಹಾಗೆ ಪ್ರಯತ್ನಿಸಲೇಬಾರದು.

ಕೋನದ ಲೆಕ್ಕ ಸುಲಭ. ಸಮಭುಜಗಳುಳ್ಳ ಚೌಕಟ್ಟಿನ ಬಾಹುಗಳ ಸಂಖ್ಯೆಯಿಂದ 180ನ್ನು ಭಾಗಿಸಿದರೆ ಪೀಠವನ್ನು ತಿರುಗಿಸಬೇಕಾದ ಕೋನ ದೊರೆಯುತ್ತದೆ: ಚೌಕಕ್ಕೆ 45, ಷಟ್ಕೋನಕ್ಕೆ 30, ಅಷ್ಟಕೋನಕ್ಕೆ 22.5 ಡಿಗ್ರಿ. ಆದರೆ ತಪ್ಪು ಕೂಡ ಇಲ್ಲಿ ಬೆಳೆಯುತ್ತ ಹೋಗುತ್ತದೆ. ಚೌಕದ ಎಂಟು ತುದಿಗಳಲ್ಲಿ ಪ್ರತಿಯೊಂದೂ ಅರ್ಧ ಡಿಗ್ರಿ ಕಡಿಮೆಯಾದರೆ ಒಟ್ಟು 4 ಡಿಗ್ರಿಯ ಕೊರತೆಯಾಗಿ, ಕೊನೆಯ ಮೂಲೆ ಬಾಯ್ದೆರೆದು ನಿಲ್ಲುತ್ತದೆ. ಆದ್ದರಿಂದ ಬೇಡದ ಮರದ ತುಂಡೊಂದನ್ನು ಮೊದಲು ಕೊಯ್ದು, ಮೂಲೆಮಟ್ಟದಿಂದ ಪರೀಕ್ಷಿಸಿಯೇ ಮುಂದುವರಿಯಬೇಕು. ಅಲಗಿನ ದಪ್ಪದಷ್ಟು, ಎಂದರೆ ಸುಮಾರು 3 ಮಿಲಿಮೀಟರ್ ಮರ ಹೊಟ್ಟಾಗಿ ಹೋಗುವುದರಿಂದ, ಅಲಗು ಗೆರೆಯ ಹೊರಬದಿಯಲ್ಲಿಯೇ ಇಳಿಯಬೇಕು.

ಇನ್ನು ಸುರಕ್ಷತೆಯ ಮಾತು. ನಿಮಿಷಕ್ಕೆ 5000 ಸುತ್ತು ತಿರುಗುವ 10 ಅಂಗುಲದ ಅಲಗಿನ ಹಲ್ಲುಗಳು ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಸಾಗುತ್ತವೆ. ಆ ವೇಗದ ಮುಂದೆ ಕೈಯನ್ನು ಹಿಂತೆಗೆಯುವ ಚುರುಕುತನಕ್ಕೆ ಅರ್ಥವಿಲ್ಲ. ಕೈಯು ಅಲ್ಲಿ ಇರದಂತೆ ನೋಡಿಕೊಳ್ಳುವುದೊಂದೇ ಉಪಾಯ. ಅಲಗಿನಿಂದ ಕನಿಷ್ಠ 6 ಅಂಗುಲ ದೂರದಲ್ಲಿ ಕೈಯಿರಬೇಕು. ಅಷ್ಟು ಅಂತರ ಸಾಲದ ಗಿಡ್ಡ ತುಂಡನ್ನು ಕ್ಲ್ಯಾಂಪಿನಿಂದ ಬಿಗಿಯಬೇಕು. ಒಂದು ಕೈಯ ಮೇಲೆ ಇನ್ನೊಂದು ಕೈಯನ್ನು ಅಡ್ಡವಾಗಿ ಚಾಚಿ ಮರವನ್ನು ಹಿಡಿಯಬಾರದು. ಬಾಗಿದ ಪಟ್ಟಿಯ ಉಬ್ಬಿದ ಬದಿ ಆನಿಕೆಪಟ್ಟಿಗೆ ತಾಗಿರಬೇಕು. ತಿರುಗುಮುರುಗಾದರೆ ಸೀಳು ಮುಚ್ಚಿಕೊಂಡು ಅಲಗನ್ನು ಕಚ್ಚುತ್ತದೆ. ಕೋನವನ್ನು ಹೊಂದಿಸುವಾಗ ಮತ್ತು ಅಲಗನ್ನು ಬದಲಿಸುವಾಗ ವಿದ್ಯುತ್ ಸಂಪರ್ಕವನ್ನು ತೆಗೆದಿರಬೇಕು.

ಅಲಗು ಪೂರ್ಣ ವೇಗಕ್ಕೆ ಬಂದ ಬಳಿಕವೇ ಅದನ್ನು ಮರಕ್ಕೆ ನಿಧಾನವಾಗಿ ಇಳಿಸಬೇಕು. ಅನುಭವಿಗಳೂ ಎಡವುವುದು ಕೊಯ್ತ ಮುಗಿದ ಮೇಲೆ. ತಿರುಗುತ್ತಿರುವ ಅಲಗನ್ನು ಆತುರದಿಂದ ಮೇಲೆತ್ತಿದರೆ ಅದು ಪಕ್ಕದ ತುಂಡನ್ನು ಸೆಳೆದು ಎಸೆಯಬಲ್ಲದು. ಸ್ವಿಚ್ಚನ್ನು ಬಿಟ್ಟು, ತೋಳನ್ನು ಕೆಳಗೇ ಹಿಡಿದು, ಅಲಗು ಸಂಪೂರ್ಣ ನಿಂತ ಮೇಲೆ ಎತ್ತಬೇಕು. ಈ ಕೆಲವು ಕ್ಷಣಗಳ ತಾಳ್ಮೆಯೇ ಬೆರಳುಗಳ ರಕ್ಷಣೆ.

ಕನ್ನಡಕ, ಕಿವಿಗವಸು, ಧೂಳುತಡೆ ಮುಖಗವಸು ಅಗತ್ಯ. ಕೈಗವಸು, ಬಳೆ, ಸಡಿಲ ತೋಳಿನ ಅಂಗಿ ಸಲ್ಲದು, ಏಕೆಂದರೆ ಅಲಗು ಅವನ್ನು ಸೆಳೆದುಕೊಳ್ಳುತ್ತದೆ. ಮರದ ಧೂಳು ನಿರಪಾಯಕಾರಿಯೆಂಬ ಭಾವನೆಯೂ ಸರಿಯಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಅದನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ.

ಈ ಯಂತ್ರವನ್ನು ಶಾಲೆಗೆ ಕೊಡಬಯಸುವ ದಾನಿಗಳು ಅದರೊಡನೆ ಕ್ಲ್ಯಾಂಪು, ಕನ್ನಡಕ ಹಾಗೂ ಧೂಳು ಹೀರುವ ಸಾಧನಗಳನ್ನೂ ಕೊಟ್ಟರೆ ದಾನವು ಪೂರ್ಣವಾದೀತು. ಯಂತ್ರವು ತರಬೇತಿ ಪಡೆದ ಶಿಕ್ಷಕರ ಕೈಯಲ್ಲಿಯೇ ಇರಲಿ. ಬಾಲಕ ಬಾಲಕಿಯರು ಮರದ ಮೈಟರ್ ಪೆಟ್ಟಿಗೆಯಲ್ಲಿ ಪಟ್ಟಿಯನ್ನಿಟ್ಟು, ಕೈಗರಗಸದಿಂದ 45 ಡಿಗ್ರಿಯ ಕೊಯ್ತವನ್ನು ಕಲಿಯಲಿ. ಗಣಿತದ ಪುಸ್ತಕದ ಕೋನವು ಆಗ ಅವರ ಕೈಗೆ ತಿಳಿಯುತ್ತದೆ. ಅಳತೆಯನ್ನೂ ತಾಳ್ಮೆಯನ್ನೂ ಹೀಗೆ ಕೈಗೂಡಿಸಿಕೊಂಡವರು ಮುಂದೊಂದು ದಿನ ಯಂತ್ರದ ಮುಂದೆ ನಿಂತಾಗ, ವೇಗಕ್ಕೆ ಮರುಳಾಗದೆ ಅದನ್ನು ತಮ್ಮ ಅಧೀನದಲ್ಲಿಟ್ಟುಕೊಳ್ಳಬಲ್ಲರು.