ಎರಡು ಬಿದನೂರು, ಎರಡು ಬಳ್ಳಾಪುರ

ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಹಿರಿಯರು ಬರೆದಿಟ್ಟ ಲೆಕ್ಕದ ಪುಸ್ತಕಗಳೂ ಲಗ್ನಪತ್ರಿಕೆಗಳೂ ದಾನಪತ್ರಗಳೂ ಇಂದಿಗೂ ದೊರೆಯುವುದುಂಟು. ಅವುಗಳಲ್ಲಿ ಎಷ್ಟೋ ಕಡೆ ಊರಿನ ಹೆಸರು ಮಾತ್ರವಿದ್ದು, ತಾಲ್ಲೂಕು, ಜಿಲ್ಲೆಗಳ ಉಲ್ಲೇಖವಿರುವುದಿಲ್ಲ. ಬರೆದವರಿಗೆ ಆ ಊರು ಯಾವುದೆಂಬ ಸಂದೇಹವಿರಲಿಲ್ಲ; ಸಂದೇಹ ಹುಟ್ಟುವುದು ಇಂದು ಓದುವ ನಮಗೆ. ಅದನ್ನು ಪರಿಹರಿಸಿಕೊಳ್ಳದೆ ಸಮೀಪದ ಊರನ್ನೇ ಹಿರಿಯರ ಊರೆಂದು ನಂಬಿಬಿಟ್ಟರೆ ಒಂದು ಮನೆತನದ ಚರಿತ್ರೆಯೇ ದಾರಿ ತಪ್ಪುತ್ತದೆ.

ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ನೆಲೆಸಿರುವ ಕುಟುಂಬವೊಂದಕ್ಕೆ ತಮ್ಮ ಮೂಲಸ್ಥಳ ‘ಬಿದನೂರು’ ಎಂಬ ಹಳೆಯ ಬರಹ ದೊರೆಯಿತೆಂದು ಭಾವಿಸೋಣ. ಅವರ ಮನಸ್ಸು ಕೂಡಲೇ ಗೌರಿಬಿದನೂರಿನತ್ತ ಹರಿಯುವುದು ಸಹಜ. ಉತ್ತರ ಪಿನಾಕಿನಿಯ ತೀರದ ಆ ಪಟ್ಟಣ ಅವರದೇ ಜಿಲ್ಲೆಯಲ್ಲಿದೆ. ಆದರೆ ನಮ್ಮ ನಾಡಿನ ಚರಿತ್ರೆಯಲ್ಲಿ ಬಿದನೂರೆಂದು ಪ್ರಸಿದ್ಧವಾದ ಊರು ಬೇರೊಂದಿದೆ. ಅದು ಮಲೆನಾಡಿನ ಮಡಿಲಲ್ಲಿದ್ದ ಕೆಳದಿ ಅರಸರ ರಾಜಧಾನಿ.

ವೀರಶೈವ ಧರ್ಮದ ಆಶ್ರಯದಾತರಾದ ಕೆಳದಿಯ ನಾಯಕರು ಮೊದಲು ಕೆಳದಿಯಲ್ಲಿಯೂ ಅನಂತರ ಇಕ್ಕೇರಿಯಲ್ಲಿಯೂ ಆಳಿ, 17ನೆಯ ಶತಮಾನದಲ್ಲಿ ಬಿದನೂರನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಶಿವಪ್ಪನಾಯಕನ ಕಾಲದಲ್ಲಿ ಅದರ ಕೀರ್ತಿ ಬೆಳೆಯಿತು. ಶಿವಾಜಿಯ ಪುತ್ರ ರಾಜಾರಾಮನಿಗೆ ಆಶ್ರಯವಿತ್ತು ಮೊಗಲರನ್ನು ಎದುರಿಸಿದ ರಾಣಿ ಚೆನ್ನಮ್ಮಾಜಿಯ ರಾಜ್ಯವೂ ಇದೇ. 1763ರಲ್ಲಿ ಹೈದರಾಲಿಯು ಬಿದನೂರನ್ನು ವಶಪಡಿಸಿಕೊಂಡು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟನು. ಕಾಲಕ್ರಮೇಣ ‘ನಗರ’ವೆಂಬುದಷ್ಟೇ ಉಳಿಯಿತು. ಇಂದು ಅದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಒಂದು ಊರು.

ತಪ್ಪಿಗೆ ಕಾರಣ ಇಲ್ಲಿಯೇ ಇದೆ. ರಾಜಧಾನಿಯಾಗಿದ್ದ ಊರು ತನ್ನ ಹಳೆಯ ಹೆಸರನ್ನು ಕಳೆದುಕೊಂಡಿತು. ಇಂದು ಭೂಪಟವನ್ನು ಬಿಡಿಸಿದರೆ ಎದ್ದು ಕಾಣುವುದು ಗೌರಿಬಿದನೂರು. ಇವೆರಡರ ನಡುವೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಅಂತರವಿದೆ. ಆದುದರಿಂದ ಬರಹದಲ್ಲಿರುವ ಇತರ ಹೆಸರುಗಳನ್ನು ಗಮನಿಸಬೇಕು. ಸಾಗರ, ಇಕ್ಕೇರಿ, ಅಡಿಕೆ ತೋಟಗಳ ಮಾತಿದ್ದರೆ ಅದು ಮಲೆನಾಡಿನ ಬಿದನೂರಾಗಿರುವ ಸಂಭವವೇ ಹೆಚ್ಚು. ವಿದುರಾಶ್ವತ್ಥ, ಮಂಚೇನಹಳ್ಳಿಗಳ ಪ್ರಸ್ತಾಪವಿದ್ದರೆ ಗೌರಿಬಿದನೂರೆಂದು ತಿಳಿಯಬಹುದು.

ಇನ್ನು ಬಳ್ಳಾಪುರದ ವಿಷಯ. ನಂದಿಬೆಟ್ಟದ ಸಾಲಿನ ಒಂದು ಕಡೆ ಚಿಕ್ಕಬಳ್ಳಾಪುರ, ಇನ್ನೊಂದು ಕಡೆ ದೊಡ್ಡಬಳ್ಳಾಪುರ. ಮಾತಿನಲ್ಲಿ ‘ಬಳ್ಳಾಪುರದ ಬೀಗರು’ ಎಂದರೆ ಸಾಕಾಗಬಹುದು; ಆದರೆ ಲಗ್ನಪತ್ರಿಕೆಯಲ್ಲಿ ಅಷ್ಟೇ ಬರೆದರೆ ದೂರದಿಂದ ಬರುವ ನೆಂಟರು ತಪ್ಪು ಬಸ್ಸನ್ನೇರುವುದು ಖಂಡಿತ. ವಾಹನವನ್ನು ಹಿಂದಿರುಗಿಸಬಹುದು, ಮೀರಿದ ಮುಹೂರ್ತವನ್ನು ಹಿಂದಿರುಗಿಸಲಾಗದು.

ಜಿಲ್ಲೆಯ ಹೆಸರನ್ನು ನೋಡುವಾಗಲೂ ಕಾಗದದ ಇಸವಿಯನ್ನು ಗಮನಿಸತಕ್ಕದ್ದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಹಿಂದಿನ ಕಾಗದದಲ್ಲಿ ‘ಕೋಲಾರ ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ, ಅಂದಿನ ಸತ್ಯ. ದೊಡ್ಡಬಳ್ಳಾಪುರವು 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ಸಚಿವ ಸಂಪುಟವು ತೀರ್ಮಾನಿಸಿತು.

ಹೆಸರುಗಳ ಈ ಗೊಂದಲದಲ್ಲಿ ಕೈಹಿಡಿಯುವುದು 1972ರ ಆಗಸ್ಟ್ 15ರಂದು ಜಾರಿಗೆ ಬಂದ ಅಂಚೆಯ ಪಿನ್ ಸಂಖ್ಯೆ. ಚಿಕ್ಕಬಳ್ಳಾಪುರಕ್ಕೆ 562101, ಶಿಡ್ಲಘಟ್ಟಕ್ಕೆ 562105, ಚಿಂತಾಮಣಿಗೆ 563125, ಗೌರಿಬಿದನೂರಿಗೆ 561208, ದೊಡ್ಡಬಳ್ಳಾಪುರಕ್ಕೆ 561203. ಹೆಸರಿನಲ್ಲಿ ಸೋದರರಾದ ಎರಡು ಬಳ್ಳಾಪುರಗಳು ಈ ಆರು ಅಂಕಿಗಳಲ್ಲಿ ಸ್ಪಷ್ಟವಾಗಿ ಬೇರೆಯಾಗುತ್ತವೆ.

ಆದುದರಿಂದ ಸದ್ಭಕ್ತರಲ್ಲಿ ಒಂದು ವಿನಂತಿ. ಲಗ್ನಪತ್ರಿಕೆಯಾಗಲಿ, ಮಠಕ್ಕೆ ಕಳುಹಿಸುವ ಕಾಣಿಕೆಯ ಕಾಗದವಾಗಲಿ, ಊರು, ಹೋಬಳಿ, ತಾಲ್ಲೂಕು, ಜಿಲ್ಲೆ, ಪಿನ್ ಸಂಖ್ಯೆಗಳನ್ನು ತಪ್ಪದೆ ಬರೆಯಿರಿ. ಮನೆಯಲ್ಲಿ ಹಿರಿಯರಿರುವಾಗಲೇ ಅವರ ಬಳಿ ಕುಳಿತು, ‘ಅಜ್ಜ, ನೀವು ಹೇಳುವ ಬಿದನೂರು ಯಾವುದು? ಅಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ?’ ಎಂದು ಕೇಳಿ ಬರೆದಿಡಿರಿ. ಅವರು ಲಿಂಗೈಕ್ಯರಾದ ಮೇಲೆ ಆ ಉತ್ತರವು ಯಾವ ಭೂಪಟದಲ್ಲಿಯೂ ಸಿಗಲಾರದು.